ಬೋರಾನ್ ನೈಟ್ರೈಡ್: ಹೆಸರು ಒಂದು, ಸರಕು ಎರಡು

ಕೈಗಾರಿಕಾ ಸಾಮಗ್ರಿಗಳ ಮಾರುಕಟ್ಟೆಯಲ್ಲಿ ‘ಬೋರಾನ್ ನೈಟ್ರೈಡ್’ ಎಂಬ ಒಂದೇ ಹೆಸರಿನಡಿ ಪರಸ್ಪರ ತದ್ವಿರುದ್ಧ ಗುಣಗಳುಳ್ಳ ಎರಡು ವಸ್ತುಗಳು ಮಾರಾಟವಾಗುತ್ತವೆ. ಒಂದು, ಬೆರಳುಗಳ ನಡುವೆ ಉಜ್ಜಿದರೆ ಮುಖದ ಪೌಡರಿನಂತೆ ಜಾರುವ ಬಿಳಿಯ ಪುಡಿ. ಮತ್ತೊಂದು, ಕೈಗಾರಿಕೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ವಸ್ತುಗಳ ಪೈಕಿ ಗಡಸುತನದಲ್ಲಿ ವಜ್ರದ ನಂತರದ ಸ್ಥಾನ ಪಡೆದಿರುವ ಹರಳು. ಎರಡರ ರಾಸಾಯನಿಕ ಸೂತ್ರವೂ ಒಂದೇ. ಉಪಯೋಗ, ಬೆಲೆ ಮತ್ತು ಖರೀದಿಯ ಕ್ರಮಗಳು ಮಾತ್ರ ಸಂಪೂರ್ಣ ಬೇರೆ. ಇವುಗಳ ವ್ಯತ್ಯಾಸವನ್ನು ತಿಳಿಯದೆ ಬೇಡಿಕೆಪತ್ರ ಬರೆಯುವ ವರ್ತಕನೂ, ಸೂಕ್ತ ದರ್ಜೆಯನ್ನು ಆರಿಸದೆ ದುಬಾರಿ ಇನ್ಸರ್ಟನ್ನು ಯಂತ್ರಕ್ಕೆ ಜೋಡಿಸುವ ಸಣ್ಣ ಉದ್ದಿಮೆದಾರನೂ ನಷ್ಟಕ್ಕೆ ಗುರಿಯಾಗುವ ಸಂಭವವಿದೆ. ಆದುದರಿಂದ ಈ ವಸ್ತುವಿನ ಗುಣಲಕ್ಷಣಗಳನ್ನೂ, ಅದು ಎಲ್ಲಿ ಲಾಭದಾಯಕ, ಎಲ್ಲಿ ಅಲ್ಲ ಎಂಬುದನ್ನೂ ಅರಿತಿರುವುದು ಅವಶ್ಯಕ.

ಬಿಳಿಗಾರದ ವಂಶ

ಬೋರಾನ್ ಎಂಬ ಮೂಲಧಾತು ನಮ್ಮ ವರ್ತಕರಿಗೆ ಹೊಸದಲ್ಲ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ, ಕೇರಂ ಹಲಗೆಯ ಮೇಲೆ ಉದುರಿಸುವ ಬೋರಿಕ್ ಪುಡಿ ಇವೆರಡೂ ಬೋರಾನಿನ ಸಂಯುಕ್ತಗಳೇ. ಜಗತ್ತಿನ ಬೋರಾನ್ ಖನಿಜ ನಿಕ್ಷೇಪಗಳ ಬಹುಪಾಲು ಟರ್ಕಿ ದೇಶದಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ದೊಡ್ಡ ಗಣಿಯಿದೆ. ಭಾರತದಲ್ಲಿ ಲಡಾಖಿನ ಪುಗಾ ಕಣಿವೆಯಲ್ಲಿ ಬಿಳಿಗಾರ ದೊರೆಯುತ್ತದೆಯಾದರೂ ಕೈಗಾರಿಕೆಗಳು ಆಮದನ್ನೇ ಅವಲಂಬಿಸಿವೆ.

ಬೋರಾನ್ ಮತ್ತು ಸಾರಜನಕದ ಒಂದೊಂದು ಪರಮಾಣು ಸೇರಿದ ಸಂಯುಕ್ತವೇ ಬೋರಾನ್ ನೈಟ್ರೈಡ್. ಇದನ್ನು 1842ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಬಾಲ್ಮೇನ್ ಮೊದಲಿಗೆ ತಯಾರಿಸಿದರು. ಆದರೆ ಒಂದು ಶತಮಾನದಷ್ಟು ಕಾಲ ಅದು ಪ್ರಯೋಗಶಾಲೆಯ ವಸ್ತುವಾಗಿಯೇ ಉಳಿಯಿತು.

ಇದರ ಇಬ್ಬಗೆಯ ಸ್ವಭಾವಕ್ಕೆ ಕಾರಣ ಪರಮಾಣುಗಳ ಲೆಕ್ಕದಲ್ಲಿದೆ. ಬೋರಾನಿನ ಪರಮಾಣು ಸಂಖ್ಯೆ 5, ಸಾರಜನಕದ್ದು 7. ಎರಡರ ಸರಾಸರಿ 6. ಅದೇ ಇಂಗಾಲದ ಸಂಖ್ಯೆ. ಹೀಗಾಗಿ ಬೋರಾನ್ ನೈಟ್ರೈಡಿನ ಪರಮಾಣುಗಳು ಇಂಗಾಲದ ಪರಮಾಣುಗಳು ಜೋಡಣೆಗೊಳ್ಳುವ ರೀತಿಯಲ್ಲಿಯೇ ಜೋಡಣೆಗೊಳ್ಳಬಲ್ಲವು. ಇಂಗಾಲವು ಪದರಪದರವಾಗಿ ಜೋಡಣೆಗೊಂಡರೆ ಪೆನ್ಸಿಲಿನ ಗ್ರಾಫೈಟ್, ನಾಲ್ಕೂ ದಿಕ್ಕಿಗೆ ಬಿಗಿಯಾಗಿ ಹೆಣೆದುಕೊಂಡರೆ ವಜ್ರ. ಅದರಂತೆಯೇ ಬೋರಾನ್ ನೈಟ್ರೈಡಿನಲ್ಲಿ ಗ್ರಾಫೈಟನ್ನು ಹೋಲುವ ಷಟ್ಕೋನ ರೂಪವೂ, ವಜ್ರವನ್ನು ಹೋಲುವ ಘನ ರೂಪವೂ ಇವೆ. ವ್ಯಾಪಾರದಲ್ಲಿ ಮೊದಲನೆಯದನ್ನು ಎಚ್.ಬಿ.ಎನ್. ಎಂದೂ, ಎರಡನೆಯದನ್ನು ಸಿ.ಬಿ.ಎನ್. ಎಂದೂ ಸಂಕ್ಷಿಪ್ತವಾಗಿ ಕರೆಯುತ್ತಾರೆ.

ಮೃದು ರೂಪದ ಗುಣಗಳು

ಷಟ್ಕೋನ ರೂಪವನ್ನು ಸಾಮಾನ್ಯವಾಗಿ ಬೋರಿಕ್ ಆಮ್ಲ ಅಥವಾ ಬೋರಾನ್ ಆಕ್ಸೈಡನ್ನು ಅಮೋನಿಯಾ, ಯೂರಿಯಾ ಇಲ್ಲವೇ ಮೆಲಮೈನಿನೊಂದಿಗೆ ಕಾಯಿಸಿ ತಯಾರಿಸುತ್ತಾರೆ. ಅನಂತರ ಸಾರಜನಕದ ವಾತಾವರಣದಲ್ಲಿ 1,500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿದಾಗ ಹರಳಿನ ರಚನೆ ಸುವ್ಯವಸ್ಥಿತವಾಗಿ, ಕಲ್ಮಶಗಳು ಕಡಿಮೆಯಾಗುತ್ತವೆ.

ಈ ಪುಡಿಯ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುವುದರಿಂದ ಇದು ಉಜ್ಜುವ ಮೇಲ್ಮೈಗಳ ನಡುವೆ ಕೀಲೆಣ್ಣೆಯ ಕೆಲಸ ಮಾಡುತ್ತದೆ. ಈ ಗುಣ ಗ್ರಾಫೈಟಿಗೂ ಇದೆ. ಆದರೆ ಮೂರು ವಿಷಯಗಳಲ್ಲಿ ಇವೆರಡೂ ಬೇರೆಯಾಗುತ್ತವೆ. ಮೊದಲನೆಯದು ಬಣ್ಣ: ಗ್ರಾಫೈಟ್ ಕಪ್ಪು, ಮುಟ್ಟಿದ್ದಕ್ಕೆಲ್ಲ ಮಸಿ ಹತ್ತಿಸುವಂಥದು, ಇದು ಬಿಳಿ, ಕಲೆ ಮಾಡದು. ಎರಡನೆಯದು ಶಾಖ: ಗ್ರಾಫೈಟ್ ತೆರೆದ ಗಾಳಿಯಲ್ಲಿ ಸುಮಾರು 500 ಡಿಗ್ರಿ ತಲಪುವಷ್ಟರಲ್ಲಿ ಸುಟ್ಟು ಕ್ಷಯಿಸತೊಡಗುತ್ತದೆ, ಬೋರಾನ್ ನೈಟ್ರೈಡ್ ಸುಮಾರು 900 ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ. ಸಾರಜನಕದಂತಹ ಜಡ ವಾತಾವರಣದಲ್ಲಿ ಇನ್ನೂ ಬಹುಪಾಲು ಹೆಚ್ಚಿನ ಶಾಖವನ್ನು ಸಹಿಸುತ್ತದೆ. ಮೂರನೆಯದು ವಿದ್ಯುತ್ತು: ಗ್ರಾಫೈಟ್ ವಿದ್ಯುತ್ ವಾಹಕ; ಇದು ಉತ್ತಮ ನಿರೋಧಕ. ಶಾಖವನ್ನು ಸಾಗಿಸುತ್ತ ವಿದ್ಯುತ್ತನ್ನು ತಡೆಯುವ ವಸ್ತುಗಳು ವಿರಳವಾಗಿರುವುದರಿಂದ ಎಲೆಕ್ಟ್ರಾನಿಕ್ ಉದ್ಯಮಕ್ಕೆ ಇದು ಅಮೂಲ್ಯವಾಗಿದೆ.

ಮತ್ತೊಂದು ಮುಖ್ಯ ಗುಣವೆಂದರೆ ಕರಗಿದ ಅಲ್ಯೂಮಿನಿಯಂ, ಸತು ಮೊದಲಾದ ಲೋಹಗಳು ಇದರ ಮೇಲ್ಮೈಗೆ ಸುಲಭವಾಗಿ ಅಂಟಿಕೊಳ್ಳುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಉರುಳುವಂತೆ ಲೋಹದ್ರವವು ಉರುಳಿಹೋಗುತ್ತದೆ.

ಮೃದು ರೂಪದ ಉಪಯೋಗಗಳು

ಅಲ್ಯೂಮಿನಿಯಂ ಎರಕದ ಘಟಕಗಳಲ್ಲಿ ಸೌಟು, ಮೂಸೆ, ದ್ರವಲೋಹ ಹರಿಯುವ ಕಾಲುವೆ, ಶಾಖಮಾಪಕದ ಕವಚ ಮುಂತಾದವುಗಳಿಗೆ ಬೋರಾನ್ ನೈಟ್ರೈಡಿನ ಲೇಪನ ಬಳಿಯುತ್ತಾರೆ. ಇದರಿಂದ ಲೋಹ ಹತ್ತುವುದು ತಪ್ಪಿ, ಉಪಕರಣಗಳ ಬಾಳಿಕೆ ಹೆಚ್ಚುತ್ತದೆ; ಇಂಗಾಲವಿಲ್ಲದ ಕಾರಣ ಎರಕದ ಮೇಲೆ ಕಪ್ಪುಕಲೆಯೂ ಬೀಳದು. ಆದರೆ ಲೇಪನದಲ್ಲಿ ಶಿಸ್ತು ಅಗತ್ಯ. ಮೇಲ್ಮೈಯಲ್ಲಿ ಎಣ್ಣೆ, ತುಕ್ಕು, ಸಡಿಲ ಪುಡಿ ಇರಕೂಡದು. ಒಂದೇ ದಪ್ಪ ಲೇಪಕ್ಕಿಂತ ತೆಳುವಾದ ಎರಡು ಲೇಪಗಳು ಮೇಲು. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನಲ್ಲಿ ಕಲಸಿದ ಲೇಪನವು ಸಂಪೂರ್ಣ ಒಣಗಿ, ಉಪಕರಣವು ಚೆನ್ನಾಗಿ ಕಾದ ನಂತರವೇ ಅದನ್ನು ಲೋಹದ್ರವಕ್ಕೆ ಇಳಿಸಬೇಕು. ಹಸಿ ಲೇಪನದಲ್ಲಿ ಉಳಿದ ತೇವವು ಕ್ಷಣಮಾತ್ರದಲ್ಲಿ ಉಗಿಯಾಗಿ ಸಿಡಿದು, ಕಾದ ಲೋಹವನ್ನು ಕೆಲಸಗಾರರ ಮೇಲೆ ಎರಚಬಲ್ಲದು. ಇದು ಹಣದ ಮಾತಲ್ಲ, ಪ್ರಾಣದ ಮಾತು.

ತಿಂಡಿ ಪೊಟ್ಟಣಗಳ ಒಳಭಾಗದಲ್ಲಿ ಕಾಣುವ ಬೆಳ್ಳಿಯಂಥ ಹೊಳಪಿನ ಹಿಂದೆಯೂ ಈ ವಸ್ತುವಿದೆ. ನಿರ್ವಾತ ಕೋಣೆಯಲ್ಲಿ ದೋಣಿಯಾಕಾರದ ಪುಟ್ಟ ತೊಟ್ಟಿಗಳನ್ನು ವಿದ್ಯುತ್ತಿನಿಂದ ಕಾಯಿಸಿ, ಅವುಗಳಿಗೆ ಅಲ್ಯೂಮಿನಿಯಂ ತಂತಿಯನ್ನು ಉಣಿಸಿ, ಆವಿಯಾದ ಲೋಹವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರಿಸುತ್ತಾರೆ. ಆ ತೊಟ್ಟಿಗಳು ಟೈಟಾನಿಯಂ ಡೈಬೋರೈಡ್ ಮತ್ತು ಬೋರಾನ್ ನೈಟ್ರೈಡಿನ ಮಿಶ್ರಣದಿಂದ ಆದಂಥವು. ಮೊದಲನೆಯದು ವಿದ್ಯುತ್ತನ್ನು ಹರಿಸಿದರೆ, ಎರಡನೆಯದು ಆ ಹರಿವನ್ನು ಹತೋಟಿಯಲ್ಲಿಡುತ್ತದೆ; ಹಠಾತ್ ಶಾಖಕ್ಕೆ ತೊಟ್ಟಿ ಬಿರುಕು ಬಿಡದಂತೆಯೂ ಕಾಯುತ್ತದೆ.

ಇವಲ್ಲದೆ ಉಕ್ಕಿನ ಅವಿಚ್ಛಿನ್ನ ಎರಕದ ಬಳೆಗಳು, ಎಲೆಕ್ಟ್ರಾನಿಕ್ ಬಿಡಿಭಾಗಗಳಿಂದ ಶಾಖವನ್ನು ಸೆಳೆಯುವ ತೆಳುಹಾಸುಗಳು, ತುಟಿಬಣ್ಣ ಹಾಗೂ ಮುಖದ ಪೌಡರುಗಳು ಇದರ ಇತರ ಉಪಯೋಗಗಳು. ಬೋರಾನ್ ಟ್ರೈಕ್ಲೋರೈಡ್ ಮತ್ತು ಅಮೋನಿಯಾ ಅನಿಲಗಳಿಂದ ಪದರಪದರವಾಗಿ ಬೆಳೆಸಿದ ಅತಿ ಶುದ್ಧ ಬೋರಾನ್ ನೈಟ್ರೈಡಿನ ಮೂಸೆಗಳಲ್ಲಿ ಗ್ಯಾಲಿಯಂ ಆರ್ಸೆನೈಡಿನಂತಹ ಅರೆವಾಹಕ ಹರಳುಗಳನ್ನು ಬೆಳೆಸುತ್ತಾರೆ.

ಕಠಿಣ ರೂಪದ ಉಗಮ

ಘನ ರೂಪದ ಕಥೆ ಬೇರೆಯೇ ಆಗಿದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಶಾಲೆ 1950ರ ದಶಕದ ನಡುವೆ ಕೃತಕ ವಜ್ರವನ್ನು ಸೃಷ್ಟಿಸಿತು. ಅದೇ ಪ್ರಯೋಗಶಾಲೆಯ ವಿಜ್ಞಾನಿ ರಾಬರ್ಟ್ ವೆಂಟಾರ್ಫ್, ಗ್ರಾಫೈಟನ್ನು ವಜ್ರವಾಗಿಸಬಹುದಾದರೆ ಗ್ರಾಫೈಟಿನಂತಹ ಬೋರಾನ್ ನೈಟ್ರೈಡನ್ನೂ ವಜ್ರದಂತಾಗಿಸಬಹುದೆಂಬ ತರ್ಕದಿಂದ ಹೊರಟು, 1957ರಲ್ಲಿ ಯಶಸ್ವಿಯಾದರು. ವಾತಾವರಣದ ಒತ್ತಡದ ಸುಮಾರು 50,000 ಪಟ್ಟು ಒತ್ತಡ ಹಾಗೂ 1,500 ಡಿಗ್ರಿಯ ಆಸುಪಾಸಿನ ಶಾಖದಲ್ಲಿ, ಲಿಥಿಯಂ, ಮೆಗ್ನೀಸಿಯಂನಂತಹ ಧಾತುಗಳು ಅಥವಾ ಅವುಗಳ ಸಂಯುಕ್ತಗಳ ನೆರವಿನಿಂದ ಈ ಪರಿವರ್ತನೆ ನಡೆಯುತ್ತದೆ. 1969ರಲ್ಲಿ ಇದು ‘ಬೊರಾಜಾನ್’ ಎಂಬ ವ್ಯಾಪಾರನಾಮದೊಂದಿಗೆ ಮಾರುಕಟ್ಟೆಗೆ ಬಂದಿತು.

ನಿಸರ್ಗದಲ್ಲಿ ಇಲ್ಲವೆಂದೇ ನಂಬಲಾಗಿದ್ದ ಈ ಹರಳಿನ ಸೂಕ್ಷ್ಮ ಕಣಗಳು ಮುಂದೆ ಟಿಬೆಟಿನ ಶಿಲೆಗಳಲ್ಲಿ ಪತ್ತೆಯಾದವು. 2013ರಲ್ಲಿ ಅದಕ್ಕೆ ‘ಚಿಂಗ್‌ಸಾಂಗೈಟ್’ ಎಂಬ ಖನಿಜನಾಮ ದೊರೆಯಿತು. ಆದರೆ ಕೈಗಾರಿಕೆಗೆ ದೊರೆಯುವುದೆಲ್ಲವೂ ಕೃತಕವಾಗಿ ತಯಾರಾದದ್ದೇ. ಚೀನಾ ದೇಶದ ಹೆನಾನ್ ಪ್ರಾಂತ್ಯವು ಇಂತಹ ಅತಿಗಡಸು ವಸ್ತುಗಳ ತಯಾರಿಕೆಯ ದೊಡ್ಡ ಕೇಂದ್ರವಾಗಿದೆ.

ವಜ್ರವಿರುವಾಗ ಇದೇಕೆ?

ನೂಪ್ ಮಾಪಕದಲ್ಲಿ ಸಿ.ಬಿ.ಎನ್. ಹರಳಿನ ಗಡಸುತನ ಸುಮಾರು 4,500. ವಜ್ರದ್ದು ಇದಕ್ಕಿಂತ ಬಹಳ ಹೆಚ್ಚು. ಹಾಗಿದ್ದೂ ಉಕ್ಕು ಕೊರೆಯಲು ವಜ್ರವನ್ನು ಬಿಟ್ಟು ಇದನ್ನು ಬಳಸುವುದೇಕೆಂಬ ಪ್ರಶ್ನೆ ಸಹಜ. ವಜ್ರವು ಶುದ್ಧ ಇಂಗಾಲ. ಕಬ್ಬಿಣಕ್ಕೆ ಇಂಗಾಲವನ್ನು ಹೀರಿಕೊಳ್ಳುವ ಸ್ವಭಾವವಿದೆ. ಕೊರೆತದ ಶಾಖದಲ್ಲಿ ವಜ್ರದ ಅಂಚು ಕಬ್ಬಿಣದಲ್ಲಿ ಕರಗುತ್ತ ಬೇಗನೆ ಸವೆಯುತ್ತದೆ. ಅಲ್ಲದೆ ಸುಮಾರು 700-800 ಡಿಗ್ರಿ ಶಾಖದಲ್ಲಿ ವಜ್ರ ಗಾಳಿಯೊಡನೆಯೂ ವರ್ತಿಸತೊಡಗುತ್ತದೆ. ಸಿ.ಬಿ.ಎನ್.ನಲ್ಲಿ ಇಂಗಾಲವೇ ಇಲ್ಲ. ಗಾಳಿಯಲ್ಲಿ 1,000 ಡಿಗ್ರಿಗೂ ಮೀರಿ ಅದು ಸ್ಥಿರವಾಗಿರುತ್ತದೆ. ಆದುದರಿಂದ ಅಲ್ಯೂಮಿನಿಯಂ, ಗಾಜು, ಕಲ್ಲು, ಕಾರ್ಬೈಡುಗಳಿಗೆ ವಜ್ರ. ಗಡಸುಗೊಳಿಸಿದ ಉಕ್ಕು ಹಾಗೂ ಎರಕದ ಕಬ್ಬಿಣಕ್ಕೆ ಸಿ.ಬಿ.ಎನ್. ಎಂಬುದು ಕಾರ್ಯಾಗಾರದ ಮೂಲಸೂತ್ರವಾಗಿದೆ.

ಇನ್ಸರ್ಟುಗಳ ಆಯ್ಕೆ

ಸಿ.ಬಿ.ಎನ್. ಕಣಗಳನ್ನು ಬಂಧಕ ವಸ್ತುವಿನೊಂದಿಗೆ ಅಧಿಕ ಒತ್ತಡದಲ್ಲಿ ಬೆಸೆದು ಇನ್ಸರ್ಟಿನ ತುದಿಗಳನ್ನು ತಯಾರಿಸುತ್ತಾರೆ. ಇದಕ್ಕೆ ಪಿ.ಸಿ.ಬಿ.ಎನ್. ಎಂದು ಹೆಸರು. ಇದರಲ್ಲಿ ಎರಡು ವರ್ಗಗಳಿವೆ. ಅಂತಾರಾಷ್ಟ್ರೀಯ ಮಾನಕ ಐ.ಎಸ್.ಒ. 513ರಲ್ಲಿ ಕಡಿಮೆ ಅಂಶದ ವರ್ಗಕ್ಕೆ ‘ಬಿ.ಎಲ್.’, ಹೆಚ್ಚಿನ ಅಂಶದ ವರ್ಗಕ್ಕೆ ‘ಬಿ.ಎಚ್.’, ಲೇಪನವುಳ್ಳದ್ದಕ್ಕೆ ‘ಬಿ.ಸಿ.’ ಎಂಬ ಸಂಕೇತಗಳಿವೆ.

ಸಾಮಾನ್ಯವಾಗಿ ಸಿ.ಬಿ.ಎನ್. ಅಂಶ ಶೇ. 45ರಿಂದ 65ರಷ್ಟಿದ್ದು, ಉಳಿದದ್ದು ಟೈಟಾನಿಯಂ ನೈಟ್ರೈಡಿನಂತಹ ಪಿಂಗಾಣಿ ಬಂಧಕವಾಗಿರುವ ದರ್ಜೆಗಳು ಗಡಸುಗೊಳಿಸಿದ ಉಕ್ಕಿನ ಅಂತಿಮ ಟರ್ನಿಂಗ್ ಕೆಲಸಕ್ಕೆ ಸೂಕ್ತ. ಬೇರಿಂಗ್ ಬಳೆಗಳು, ಗೇರುಗಳ ರಂಧ್ರ ಮತ್ತು ಮುಖಗಳು, ಶಾಫ್ಟುಗಳು ಈ ವರ್ಗಕ್ಕೆ ಸೇರುತ್ತವೆ. ಶೇ. 80ರಿಂದ 95ರಷ್ಟು ಅಂಶವುಳ್ಳ ದರ್ಜೆಗಳು ಬೂದು ಎರಕದ ಕಬ್ಬಿಣದ ಬ್ರೇಕ್ ಡಿಸ್ಕ್, ಪುಡಿಲೋಹದಿಂದ ತಯಾರಾದ ಬಿಡಿಭಾಗ ಇತ್ಯಾದಿಗಳಿಗೆ ಹೊಂದುತ್ತವೆ. ಹೆಚ್ಚು ಅಂಶವಿದ್ದರೆ ಎಲ್ಲ ಕೆಲಸಕ್ಕೂ ಹೆಚ್ಚು ಒಳ್ಳೆಯದೆಂಬ ಭಾವನೆ ತಪ್ಪು. ಗಡಸು ಉಕ್ಕಿನ ನಿರಂತರ ಕೊರೆತದಲ್ಲಿ ಕಡಿಮೆ ಅಂಶದ ದರ್ಜೆಯೇ ಹೆಚ್ಚು ಬಾಳುತ್ತದೆ. ಏಕೆಂದರೆ ಅಲ್ಲಿ ಸವೆತಕ್ಕೆ ಮುಖ್ಯ ಕಾರಣ ಶಾಖ ಮತ್ತು ರಾಸಾಯನಿಕ ಕ್ರಿಯೆ. ಅವುಗಳನ್ನು ತಡೆಯುವುದು ಪಿಂಗಾಣಿ ಬಂಧಕ.

ಎಲ್ಲಿ ಬಳಸಬಾರದೆಂಬುದೂ ಅಷ್ಟೇ ಮುಖ್ಯ. ರಾಕ್‌ವೆಲ್ ‘ಸಿ’ ಮಾಪಕದಲ್ಲಿ 45ಕ್ಕಿಂತ ಕಡಿಮೆ ಗಡಸುತನದ ಮೆತ್ತನೆಯ ಉಕ್ಕಿಗೆ ಪಿ.ಸಿ.ಬಿ.ಎನ್. ತಕ್ಕದ್ದಲ್ಲ, ಅಂಚು ಅಕಾಲದಲ್ಲಿ ಸವೆಯುತ್ತದೆ. ಅಂತಹ ಕೆಲಸಕ್ಕೆ ಲೇಪನವುಳ್ಳ ಕಾರ್ಬೈಡೇ ಅಗ್ಗ ಮತ್ತು ಸಮರ್ಥ. ಫೆರೈಟ್ ಅಂಶ ಹೆಚ್ಚಿರುವ ಎರಕದ ಕಬ್ಬಿಣದಲ್ಲಿಯೂ ರಾಸಾಯನಿಕ ಸವೆತ ತೀವ್ರವಾಗಿರುತ್ತದೆ. ಬೆಳಗಾವಿ, ಶಿವಮೊಗ್ಗಗಳ ಕಬ್ಬಿಣ ಎರಕದ ಘಟಕಗಳಿಂದ ಸರಕು ತರಿಸಿಕೊಂಡು ಯಂತ್ರಕೆಲಸ ಮಾಡುವ ಉದ್ದಿಮೆದಾರರು ಎರಕದ ಒಳರಚನೆಯ ವಿವರವನ್ನು ಮೊದಲೇ ಕೇಳಿ ಪಡೆಯುವುದು ಹಿತಕರ.

ಯಂತ್ರದ ಸ್ಥಿತಿಯೂ ಗಣನೀಯ. ಪಿ.ಸಿ.ಬಿ.ಎನ್. ಗಡಸಾದಷ್ಟೇ ಪೆಡಸು, ಕಂಪನವನ್ನು ಸಹಿಸದು. ಸ್ಪಿಂಡಲ್ ಸಡಿಲವಾಗಿರುವ, ಹಾಸುದಾರಿ ಸವೆದಿರುವ ಹಳೆಯ ಲೇತಿನಲ್ಲಿ ಇದರ ಅಂಚು ಮುಕ್ಕಾಗುವುದು ಖಚಿತ. ಹಿಡಿಕೆ ಆದಷ್ಟು ಗಿಡ್ಡವಾಗಿ ಚಾಚಿರಬೇಕು. ಅಂಚಿಗೆ ಸಣ್ಣ ಇಳಿಜಾರು ಕೊಟ್ಟು ಬಲಪಡಿಸಿದ ಇನ್ಸರ್ಟುಗಳನ್ನೇ ಆರಿಸಬೇಕು. ಗಡಸು ಉಕ್ಕಿನ ಟರ್ನಿಂಗಿನಲ್ಲಿ ನಿಮಿಷಕ್ಕೆ 100ರಿಂದ 200 ಮೀಟರ್ ವೇಗ, ಸುತ್ತಿಗೆ 0.05ರಿಂದ 0.2 ಮಿ.ಮೀ. ಮುನ್ನಡೆ, 0.1ರಿಂದ 0.5 ಮಿ.ಮೀ. ಆಳ ರೂಢಿಯಲ್ಲಿವೆ. ಅನೇಕ ಸಂದರ್ಭಗಳಲ್ಲಿ ಒಣ ಕೊರೆತವೇ ಮೇಲು; ಬಿಟ್ಟುಬಿಟ್ಟು ಬೀಳುವ ತಂಪುದ್ರವವು ಕಾದ ಅಂಚಿಗೆ ಆಘಾತ ನೀಡಿ ಬಿರುಕು ಮೂಡಿಸುತ್ತದೆ.

ಸಾಣೆಚಕ್ರಗಳು

ಸಿ.ಬಿ.ಎನ್. ಸಾಣೆಚಕ್ರದಲ್ಲಿ ಹೊರಸುತ್ತಿನ ಒಂದು ಪದರದಲ್ಲಿ ಮಾತ್ರ ಹರಳುಗಳಿರುತ್ತವೆ. ಉಳಿದದ್ದು ಬರಿಯ ಆಧಾರ. ಆದುದರಿಂದ ಚಕ್ರದ ವ್ಯಾಸವನ್ನಷ್ಟೇ ನೋಡಿ ಬೆಲೆಗಳನ್ನು ಹೋಲಿಸುವುದು ಸರಿಯಲ್ಲ. ಪದರದ ದಪ್ಪ, ಕಣದ ಗಾತ್ರ, ಬಂಧಕದ ಬಗೆ ಮತ್ತು ಹರಳುಗಳ ಸಾಂದ್ರಣ ಈ ನಾಲ್ಕನ್ನೂ ಕೇಳಬೇಕು. ಕಣದ ಗಾತ್ರವನ್ನು ‘ಬಿ 126’, ‘ಬಿ 151’ ಎಂಬಂತೆ ನಮೂದಿಸುತ್ತಾರೆ. ಅಕ್ಷರವು ಬೋರಾನ್ ನೈಟ್ರೈಡನ್ನೂ, ಅಂಕಿಯು ಕಣದ ಸ್ಥೂಲ ಗಾತ್ರವನ್ನು ಮೈಕ್ರಾನುಗಳಲ್ಲಿಯೂ ಸೂಚಿಸುತ್ತದೆ. ಸಾಂದ್ರಣ 100 ಎಂದರೆ ಪದರದ ಪ್ರತಿ ಘನ ಸೆಂಟಿಮೀಟರಿನಲ್ಲಿ 4.4 ಕ್ಯಾರೆಟ್ ಹರಳು ಇದೆ ಎಂದರ್ಥ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ಸಾಂದ್ರಣ 50ರ ಚಕ್ರದಲ್ಲಿ ಹರಳಿನ ಪ್ರಮಾಣ ಅರ್ಧವಿರುತ್ತದೆ. ಕಡಿಮೆ ದರದ ಚಕ್ರ ನಿಜವಾಗಿಯೂ ಅಗ್ಗವೇ ಎಂಬುದು ಈ ಅಂಕಿಗಳಿಂದ ತಿಳಿಯುತ್ತದೆ.

ಬಂಧಕಗಳಲ್ಲಿ ರಾಳ, ಗಾಜುರೂಪದ ಪಿಂಗಾಣಿ, ಲೋಹ ಹಾಗೂ ವಿದ್ಯುಲ್ಲೇಪನ ಎಂಬ ನಾಲ್ಕು ಬಗೆಗಳಿವೆ. ವಿದ್ಯುಲ್ಲೇಪನದ ಚಕ್ರಕ್ಕೆ ಒಂದೇ ಸಾಲಿನ ಹರಳುಗಳಿರುವುದರಿಂದ ಮೊದಲ ಬೆಲೆ ಕಡಿಮೆ. ಸವೆದ ನಂತರ ಆಧಾರವನ್ನು ಮರುಲೇಪಿಸಬಹುದು. ಪಿಂಗಾಣಿ ಬಂಧಕದ ಚಕ್ರಗಳನ್ನು ವಜ್ರದ ಉಪಕರಣದಿಂದ ಮತ್ತೆಮತ್ತೆ ಸರಿಪಡಿಸಿಕೊಳ್ಳಬಹುದಾದ್ದರಿಂದ ದೊಡ್ಡ ಪ್ರಮಾಣದ ಉತ್ಪಾದನೆಗೆ ಅವು ಹೆಚ್ಚು ಬಳಕೆಯಲ್ಲಿವೆ. ಸಿ.ಬಿ.ಎನ್. ಶಾಖವನ್ನು ತಾಮ್ರಕ್ಕಿಂತಲೂ ಚೆನ್ನಾಗಿ ಸಾಗಿಸುವುದರಿಂದ ಕೆಲಸದ ವಸ್ತು ಸುಟ್ಟು ಕಂದುಗಟ್ಟುವುದು ಕಡಿಮೆ. ಆದರೆ ಅತಿ ಶಾಖದಲ್ಲಿ ಹರಳು ನೀರಾವಿಯೊಡನೆ ವರ್ತಿಸುತ್ತದೆ. ಆ ಕಾರಣ ನೀರುಬೆರೆತ ದ್ರವಕ್ಕಿಂತ ಶುದ್ಧ ತೈಲವನ್ನು ಬಳಸಿದಲ್ಲಿ ಚಕ್ರದ ಬಾಳಿಕೆ ಹೆಚ್ಚು.

ಲಾಭನಷ್ಟದ ಲೆಕ್ಕ

ಇನ್ಸರ್ಟಿನ ಬೆಲೆ ಕೇಳಿಯೇ ಹಿಂಜರಿಯುವುದೂ, ಪ್ರಚಾರಕ್ಕೆ ಮರುಳಾಗಿ ಕೊಳ್ಳುವುದೂ ಎರಡೂ ತಪ್ಪು. ಲೆಕ್ಕ ಹಾಕಬೇಕಾದದ್ದು ಒಂದು ಬಿಡಿಭಾಗಕ್ಕೆ ತಗಲುವ ವೆಚ್ಚ. ಲೆಕ್ಕದ ರೀತಿಯನ್ನು ಸ್ಪಷ್ಟಪಡಿಸಲು ಮಾತ್ರ ಇಲ್ಲಿ ಕಾಲ್ಪನಿಕ ಅಂಕಿಗಳನ್ನು ಕೊಡಲಾಗಿದೆ. ಇವು ಮಾರುಕಟ್ಟೆಯ ದರಗಳಲ್ಲ.

ಗಡಸುಗೊಳಿಸಿದ ಬಳೆಯೊಂದನ್ನು ಸಾಣೆಯಂತ್ರದಲ್ಲಿ ಮುಗಿಸಲು 2 ನಿಮಿಷ ಬೇಕು. ಯಂತ್ರದ ವೆಚ್ಚ ನಿಮಿಷಕ್ಕೆ ರೂ. 8; ಚಕ್ರದ ಖರ್ಚು ರೂ. 1. ಒಟ್ಟು ರೂ. 17. ಅದೇ ಬಳೆಯನ್ನು ಸಿ.ಎನ್.ಸಿ. ಲೇತಿನಲ್ಲಿ ಪಿ.ಸಿ.ಬಿ.ಎನ್.ನಿಂದ ಮುಗಿಸಲು 45 ಸೆಕೆಂಡು ಸಾಕು. ಯಂತ್ರದ ವೆಚ್ಚ ನಿಮಿಷಕ್ಕೆ ರೂ. 10ರಂತೆ ರೂ. 7.50. ಇನ್ಸರ್ಟಿನ ಬೆಲೆ ರೂ. 3,000, ಅಂಚುಗಳು ಎರಡು. ಪ್ರತಿ ಅಂಚಿನಲ್ಲಿ 250 ಬಳೆಗಳಾದರೆ ಬಳೆಯೊಂದಕ್ಕೆ ರೂ. 6. ಒಟ್ಟು ರೂ. 13.50, ಅಂದರೆ ರೂ. 3.50 ಉಳಿತಾಯ. ವರ್ಷಕ್ಕೆ 10,000 ಬಳೆಗಳಿದ್ದರೆ ರೂ. 35,000.

ಆದರೆ ಯಂತ್ರದ ಕಂಪನದಿಂದ ಪ್ರತಿ ಅಂಚು 100 ಬಳೆಗಳಿಗೇ ಮುಕ್ಕಾದರೆ ಇನ್ಸರ್ಟಿನ ಖರ್ಚು ಬಳೆಯೊಂದಕ್ಕೆ ರೂ. 15ಕ್ಕೇರಿ, ಒಟ್ಟು ವೆಚ್ಚ ರೂ. 22.50 ಆಗುತ್ತದೆ. ಉಳಿತಾಯದ ಬದಲು ಬಳೆಯೊಂದಕ್ಕೆ ರೂ. 5.50 ನಷ್ಟ. ಈ ಉದಾಹರಣೆಯಲ್ಲಿ ಲಾಭನಷ್ಟಗಳ ಗಡಿ ಅಂಚಿಗೆ ಸುಮಾರು 158 ಬಳೆಗಳು. ಪ್ರತಿಯೊಬ್ಬ ಉದ್ದಿಮೆದಾರರೂ ತಮ್ಮ ಕೆಲಸಕ್ಕೆ ಈ ಗಡಿಯನ್ನು ಮೊದಲು ಕಂಡುಕೊಂಡು, ಒಂದೆರಡು ಇನ್ಸರ್ಟುಗಳಿಂದ ಪರೀಕ್ಷಿಸಿ, ಅಂಚಿನ ಬಾಳಿಕೆ ಅದನ್ನು ನೆಮ್ಮದಿಯಾಗಿ ದಾಟಿದರೆ ಮಾತ್ರ ಹೆಚ್ಚಿನ ಖರೀದಿಗೆ ಮುಂದಾಗಬೇಕು.

ಖರೀದಿಗೆ ಮುನ್ನ

ಬೇಡಿಕೆಪತ್ರದಲ್ಲಿ ಕೇವಲ ‘ಬೋರಾನ್ ನೈಟ್ರೈಡ್’ ಎಂದು ಬರೆಯದೆ ಷಟ್ಕೋನ ರೂಪವೋ ಘನ ರೂಪವೋ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಪುಡಿಯಾದಲ್ಲಿ ಶುದ್ಧತೆ, ಕಣದ ಗಾತ್ರ, ಉಳಿಕೆ ಬೋರಾನ್ ಆಕ್ಸೈಡಿನ ಪ್ರಮಾಣ ಇವುಗಳ ಪರೀಕ್ಷಾಪತ್ರವನ್ನು ಪ್ರತಿ ಕಂತಿನೊಂದಿಗೆ ಕೇಳಬೇಕು. ಈ ಆಕ್ಸೈಡು ಗಾಳಿಯ ತೇವವನ್ನು ಹೀರುತ್ತದೆ. ಸುಮಾರು 450 ಡಿಗ್ರಿಯಲ್ಲಿಯೇ ಮೆತ್ತಗಾಗುತ್ತದೆ. ಇದನ್ನು ಬಂಧಕವಾಗಿ ಬಳಸಿ ಒತ್ತಿದ ದಿಮ್ಮಿಗಳು ಮಳೆಗಾಲದಲ್ಲಿ ತೆರೆದ ಗೋದಾಮಿನಲ್ಲಿದ್ದು ತೇವಗೊಂಡರೆ, ಕುಲುಮೆಯಲ್ಲಿ ಥಟ್ಟನೆ ಕಾಯಿಸಿದಾಗ ಬಿರಿಯುತ್ತವೆ. ಆದುದರಿಂದ ಗಾಳಿಯಾಡದ ಪೊಟ್ಟಣದಲ್ಲಿ ಶೇಖರಣೆ, ಬಳಕೆಗೆ ಮುನ್ನ ನಿಧಾನವಾಗಿ ಒಣಗಿಸುವಿಕೆ ಅಗತ್ಯ. ಪುಡಿಯನ್ನು ನಿರ್ವಹಿಸುವ ಕೆಲಸಗಾರರಿಗೆ ಧೂಳು ತಡೆಯುವ ಮುಖಗವಸು ಒದಗಿಸಬೇಕು.

ಆಮದು ಮಾಡಿಕೊಳ್ಳುವ ವರ್ತಕರು ಸುಂಕದ ಶೀರ್ಷಿಕೆಯ ಬಗ್ಗೆಯೂ ಎಚ್ಚರ ವಹಿಸಬೇಕು. ರಾಸಾಯನಿಕವಾಗಿ ನೈಟ್ರೈಡುಗಳು 2850 ಶೀರ್ಷಿಕೆಯಡಿ ಬರುತ್ತವೆ; ಸಾಣೆಚಕ್ರಗಳಿಗೆ 6804 ಶೀರ್ಷಿಕೆಯಿದೆ. ಒಂದೇ ಹೆಸರಿನ ಸರಕು ರೂಪ ಬದಲಾದಾಗ ಸುಂಕದ ಅಧ್ಯಾಯವೂ ಬದಲಾಗುವುದರಿಂದ, ಪಟ್ಟಿಯಲ್ಲಿ ವಿವರಣೆ ಅಸ್ಪಷ್ಟವಾಗಿದ್ದರೆ ಬಂದರಿನಲ್ಲಿ ವಿಳಂಬವೂ ವ್ಯಾಜ್ಯವೂ ತಪ್ಪಿದ್ದಲ್ಲ.

ಮುಂದಿನ ದಿನಗಳು

ಪರಮಾಣುವಿನಷ್ಟೇ ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನನ್ನು 2004ರಲ್ಲಿ ಬೇರ್ಪಡಿಸಿದ ಬಳಿಕ, ಅದಕ್ಕೆ ತಕ್ಕ ಸಮತಟ್ಟಾದ ಆಸರೆಯ ಹುಡುಕಾಟ ನಡೆಯಿತು. ಷಟ್ಕೋನ ಬೋರಾನ್ ನೈಟ್ರೈಡೇ ಅದಕ್ಕೆ ಅತ್ಯುತ್ತಮವೆಂದು 2010ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಜಪಾನಿನ ತ್ಸುಕುಬಾ ನಗರದ ರಾಷ್ಟ್ರೀಯ ಸಾಮಗ್ರಿ ವಿಜ್ಞಾನ ಸಂಸ್ಥೆಯ ತನಿಗುಚಿ ಮತ್ತು ವತನಾಬೆ ಬೆಳೆಸಿದ ಶುದ್ಧ ಹರಳುಗಳನ್ನು ಜಗತ್ತಿನ ಅನೇಕ ಪ್ರಯೋಗಶಾಲೆಗಳು ಬಳಸುತ್ತಿವೆ. ಮುಂದಿನ ಎಲೆಕ್ಟ್ರಾನಿಕ್ ಸಾಧನಗಳಲ್ಲಿ ಈ ವಸ್ತುವಿಗೆ ವಿಶೇಷ ಸ್ಥಾನ ದೊರೆಯುವ ನಿರೀಕ್ಷೆಯಿದೆ.

ಆದರೆ ಸಣ್ಣ ಉದ್ದಿಮೆಗಳು ಅಷ್ಟು ದೂರ ಕಾಯಬೇಕಾಗಿಲ್ಲ. ಎರಕದ ಸೌಟಿಗೆ ಬಳಿಯುವ ಬಿಳಿಯ ಲೇಪನವಾಗಲಿ, ಲೇತಿಗೆ ಜೋಡಿಸುವ ಕಪ್ಪು ತುದಿಯಾಗಲಿ, ಬೋರಾನ್ ನೈಟ್ರೈಡ್ ಈಗಾಗಲೇ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಕೈಗೆಟುಕುವ ಸಾಮಗ್ರಿಯಾಗಿದೆ. ಯಾವ ರೂಪ, ಯಾವ ದರ್ಜೆ, ಒಂದು ಬಿಡಿಭಾಗಕ್ಕೆ ಎಷ್ಟು ವೆಚ್ಚ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ನಂತರವೇ ಹಣ ಹೂಡಿದರೆ, ಈ ದುಬಾರಿ ವಸ್ತುವು ತನ್ನ ಬೆಲೆಯನ್ನು ತಾನೇ ದುಡಿದುಕೊಡುತ್ತದೆ.